ಗಡಿಗಿ ಅಕ್ಕ ಕಲಿಸಿದ ಕೂಗು

ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂರುವುದಿಲ್ಲ. ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸು ಖಾಲಿ ಹೊಡೆಯುತ್ತಿದ್ದರೂ ನನಗೆ ನಡುದಾರಿಯ ಕಡೆಯ ಸೀಟೇ ಬೇಕು. "ಅತ್ತೀ, ಈ ಕಡಿ ಬರ್ರಿ, ಗಾಳಿ ಬರ್ತದ" ಎಂದು ಸೊಸೆ ಕರೆಯುತ್ತಾಳೆ. ಗಾಳಿ ಬರುತ್ತದೆ, ಸರಿ. ಆದರೆ ಕಿಟಕಿಗೆ ಒತ್ತಿ ಕೂತವಳು ಏಳಬೇಕೆಂದರೆ ಪಕ್ಕದವನು ಕಾಲು ಸರಿಸಬೇಕು. ಆ ಪಕ್ಕದವನು ಎಂಥವನೆಂದು ಯಾರಿಗೆ ಗೊತ್ತು? "ಈ ವಯಸ್ಸಿನ್ಯಾಗ ನಿನ್ನ ಯಾರು ಏನ್ ಮಾಡ್ತಾರ ಬೇ" ಎಂದು ಮಗ ನಕ್ಕ. ನಗುವ ಗಂಡಸರನ್ನು ಕಂಡರೆ ನನಗೆ ಇನ್ನೊಂದು ಗುಮಾನಿ ಜಾಸ್ತಿ.

ಇದು ನನ್ನ ಹುಟ್ಟುಗುಣವಲ್ಲ. ಮಾನ್ವಿಯಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿದ್ದ ಒಬ್ಬ ಹೆಂಗಸು ನನಗೆ ಅಂಟಿಸಿ ಹೋದದ್ದು. ಆಕೆ ತೀರಿಕೊಂಡ ಸುದ್ದಿಯನ್ನು ಗಬ್ಬೂರಿನ ಕಡೆಯ ಯಾರೋ ನನಗೆ ಮುಟ್ಟಿಸಿದಾಗ ನಾನು ರಾಯಚೂರಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅವತ್ತು ತರಗತಿಗೆ ಹೋಗಿ ಗಣಿತ ಬಿಟ್ಟು, ಕೈ ಹಿಡಿದವನಿಂದ ಕೈ ಬಿಡಿಸಿಕೊಳ್ಳುವುದು ಹೇಗೆಂದು ಹೇಳಿಕೊಟ್ಟೆ. ಮುಖ್ಯೋಪಾಧ್ಯಾಯಿನಿ ಕಿಟಕಿಯಲ್ಲಿ ನಿಂತು ನೋಡಿ ಹೋದರು. ಓಣಿಯ ಆ ಹೆಂಗಸಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಗೊತ್ತಿಲ್ಲವೆಂದಲ್ಲ. ಕಾರಣವಿದೆ, ಅದು ತಾನಾಗಿ ಬರುತ್ತದೆ.

ಓಣಿಯವರು ಆಕೆಗೆ ಇಟ್ಟ ಹೆಸರು ಗಡಿಗಿ ಅಕ್ಕ. ಆಕೆಯ ಮನೆಯಲ್ಲಿ ಹಿತ್ತಾಳೆ, ತಾಮ್ರ ಅನ್ನುವುದು ಹುಡುಕಿದರೂ ಸಿಗುತ್ತಿರಲಿಲ್ಲ. ಅನ್ನ, ಸಾರು, ಮಜ್ಜಿಗೆ, ನೀರು ಎಲ್ಲವೂ ಮಣ್ಣಿನ ಗಡಿಗೆಯಲ್ಲೇ. ಎಂಥ ಬಡವರ ಮನೆಯಲ್ಲೂ ತವರಿನವರು ಕೊಟ್ಟ ಒಂದು ಹಿತ್ತಾಳೆ ಕೊಡ ಗೂಟದ ಕೆಳಗೆ ಹೊಳೆಯುತ್ತಿದ್ದ ಕಾಲ ಅದು. ನಮ್ಮವ್ವನಿಗೆ ಮೊದಲ ಸಂಶಯ ಹುಟ್ಟಿದ್ದೇ ಅಲ್ಲಿ. "ಒಂದು ತಂಬಗಿ ಸುದ್ದಾ ಇಲ್ಲಂದ್ರ, ಎಂಥ ಮನಿ ಬಿಟ್ಟು ಬಂದಿರಬೇಕು ಆಕಿ?" ಎಂದಳು. ಎದುರು ಮನೆಯ ಈರಮ್ಮನಿಗೆ ಅನುಮಾನವೇ ಇರಲಿಲ್ಲ. "ಓಡಿ ಬಂದಾಕಿ ಭಾಂಡಿ ಹೊತ್ಕೊಂಡು ಓಡ್ತಾಳೇನು?" ಎಂದು ತೀರ್ಪು ಕೊಟ್ಟುಬಿಟ್ಟಳು.

ಯಾವ ಊರೆಂದು ಕೇಳಿದರೆ ಬಡಗಣ ದಿಕ್ಕಿಗೆ ಕೈ ಬೀಸಿ, "ದೇವದುರ್ಗದ ಕಡಿ" ಎನ್ನುತ್ತಿದ್ದಳು. ಗಂಡ ತೀರಿಹೋಗಿದ್ದಾನೆ ಎನ್ನುವಷ್ಟು ಹೇಳಿ ಮಾತು ಮುಗಿಸುತ್ತಿದ್ದಳು. ಇನ್ನೊಂದು ವಿಚಿತ್ರವೂ ಇತ್ತು. ಆಗಾಗ ನಮ್ಮ ಓಣಿಗೆ ಒಬ್ಬ ಕಲಾಯಿ ಸಾಬ ಬಂದು ಬೇವಿನ ಮರದ ಕೆಳಗೆ ತಿದಿ ಊದಿ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುತ್ತಿದ್ದ. ಅವನ ಕೂಗು ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಗಡಿಗಿ ಅಕ್ಕ ಒಳಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದಳು. ಅವನು ಹೋಗುವ ತನಕ ಹೊರಗೆ ಮುಖ ಹಾಕುತ್ತಿರಲಿಲ್ಲ. "ಆಕಿಗೂ ಅವಗೂ ಹಿಂದಿಂದು ಏನೋ ಅದ ನೋಡು" ಎಂದು ಈರಮ್ಮ ಕಣ್ಣು ಕಿರಿದು ಮಾಡುತ್ತಿದ್ದಳು.

ಆಕೆಯ ಉಪಜೀವನ ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರ ಕೊಟ್ಟರೆ ಪದರು ಪದರಾಗಿ ಹಾಸಿ ಸಾಲುಹೊಲಿಗೆ ಹಾಕಿ ಕೊಡುತ್ತಿದ್ದಳು. ಬೆನ್ನು ಬಾಗದ, ಎತ್ತರದ ಹೆಂಗಸು. ತುರುಬಿನಲ್ಲಿ ಯಾವಾಗಲೂ ಒಂದು ದಬ್ಬಣ. ಅದು ಹೊಲಿಯುವುದಕ್ಕೆ ಎಂದು ನಾವು ತಿಳಿದಿದ್ದೆವು. ಹೊಲಿಯುವ ದಬ್ಬಣ ಬೇರೆಯೇ ಇತ್ತು. ಮಧ್ಯಾಹ್ನ ಓಣಿಯ ಹುಡುಗಿಯರೆಲ್ಲ ಆಕೆಯ ಪಡಸಾಲೆಯಲ್ಲಿ ಕೌದಿಯ ಸುತ್ತ ಕೂರುತ್ತಿದ್ದೆವು. ಹೊಲಿಗೆ ಕಲಿಯಲಿ ಎಂದು ಅವ್ವಂದಿರು ಕಳಿಸುತ್ತಿದ್ದರು. ಅಲ್ಲಿ ಏನು ಕಲಿಯುತ್ತೇವೆಂದು ಗೊತ್ತಿದ್ದರೆ ಒಬ್ಬರೂ ಕಳಿಸುತ್ತಿರಲಿಲ್ಲ.

"ಜಡಿ ಇಳಿಬಿಟ್ಟು ಹೊರಗ ಹೋಗಬ್ಯಾಡ್ರಿ. ಜಡಿ ಅಂದ್ರ ಹಿಂದಿನವನ ಕೈಗೆ ಹಗ್ಗ ಕೊಟ್ಟಂಗ" ಎನ್ನುತ್ತಿದ್ದಳು. ಕೈ ಹಿಡಿದರೆ ಹಿಂದಕ್ಕೆ ಜಗ್ಗಬಾರದು, ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುವಬೇಕು. ಅವನ ಮುಷ್ಟಿಯಲ್ಲಿ ಬಾಗಿಲಿರುವುದು ಅಲ್ಲೊಂದೇ ಕಡೆ. ಇದನ್ನು ಆಕೆ ನಮ್ಮೆಲ್ಲರ ಕೈ ಹಿಡಿದು, ಕೆಂಪಾಗುವ ತನಕ ಹಿಡಿದು, ಮಾಡಿಸುತ್ತಿದ್ದಳು. ಓಣಿಯಲ್ಲಿ ನಡೆಯುವಾಗ ಗೋಡೆಗೆ ಅಂಟಿ ನಡೆಯಬಾರದು, ನಡುವೆ ನಡೆಯಬೇಕು. ತೆರೆದ ಬಾಗಿಲಿನ ಮುಂದೆ ಹೋಗುವಾಗ ಮೊದಲು ನೆಲ ನೋಡಬೇಕು, ಬಾಗಿಲ ಸಂದಿಯಲ್ಲಿ ನಿಂತವನ ನೆರಳು ಅವನಿಗಿಂತ ಮುಂಚೆ ಹೊರಗೆ ಬಂದಿರುತ್ತದೆ. ಇಂಥವನ್ನೆಲ್ಲ ಆಕೆ ಉಪದೇಶದಂತೆ ಹೇಳುತ್ತಿರಲಿಲ್ಲ. ದಾರ ಕಡಿಯುತ್ತ, ಯಾರನ್ನೋ ಬೈಯುವ ದನಿಯಲ್ಲಿ ಹೇಳುತ್ತಿದ್ದಳು.

ಎಲ್ಲಕ್ಕಿಂತ ಮೋಜಿನದು ಗಡಿಗೆಯ ಪಾಠ. ಕುಂಬಾರನ ಆವಿಗೆಯಲ್ಲಿ ಸೀಳಿದ ಗಡಿಗೆಗಳನ್ನು ಆಕೆ ಬೇಡಿ ತಂದಿಡುತ್ತಿದ್ದಳು. ಒಂದನ್ನು ಸೊಂಟಕ್ಕೆ ಇಟ್ಟುಕೊಂಡು ಅಂಗಳದಲ್ಲಿ ನಡೆಯಬೇಕು. ನಡುವೆ ಯಾವಾಗಲೋ ಆಕೆ ಹಿಂದಿನಿಂದ ಬಂದು ತೋಳು ಹಿಡಿಯುತ್ತಿದ್ದಳು. ನಾವೆಲ್ಲ ಮಾಡಿದ್ದು ಒಂದೇ ಕೆಲಸ, ಎರಡೂ ಕೈಯಿಂದ ಗಡಿಗೆಯನ್ನು ಅವಚಿಕೊಂಡದ್ದು.

"ನೋಡ್ರಿ! ಕೈ ಎಲ್ಲಿ ಹೋತು? ಗಡಿಗಿಗಿ ಹೋತು. ಮೈ ಅವನಿಗಿ ಬಿಟ್ಟು ಗಡಿಗಿ ಉಳಸ್ಕೊಂಡ್ರಿ" ಎಂದು ಹಣೆ ಬಡಿದುಕೊಂಡಳು. "ಒಗಿರಿ. ಗಡಿಗಿ ಒಗದಾಕಿಗೆ ಎರಡು ಕೈ ಇರ್ತಾವ."

ಅದು ಅಷ್ಟು ಸುಲಭವಿರಲಿಲ್ಲ. ನಮ್ಮ ಕಡೆಯ ಹುಡುಗಿ ನಡೆಯಲು ಕಲಿಯುವ ಮುಂಚೆ ಕೊಡ ಹಿಡಿಯಲು ಕಲಿತಿರುತ್ತಾಳೆ. ಎಡವಿ ಬಿದ್ದರೆ ಮೊಣಕಾಲು ಒಡೆದುಕೊಂಡು ಕೊಡ ಉಳಿಸಿಕೊಳ್ಳುವವರು ನಾವು. ಮನೆಗೆ ಬಂದರೆ ಅವ್ವ ಮೊದಲು ಕೊಡ ನಗ್ಗಿದೆಯೇ ಎಂದು ನೋಡಿ ಆಮೇಲೆ ಮೊಣಕಾಲು ನೋಡುತ್ತಿದ್ದಳು. ಮಣ್ಣಿನದಾದರೂ ಒಡೆಯಲು ಕೈ ಬರುತ್ತಿರಲಿಲ್ಲ. ನಾನು ಮೊದಲ ಗಡಿಗೆ ಒಡೆದ ದಿನ ಆಕೆ ಬಾಯಿಗೆ ಬೆಲ್ಲ ಹಾಕಿದಳು.

"ನಮ್ಮ ಮನ್ಯಾಗಿಂದು ಹಿತ್ತಾಳಿ ಕೊಡ. ಒಗದ್ರ ಅವ್ವ ಬೈತಾಳ" ಎಂದೆ.

"ಬೈಸ್ಕೋ. ಬೈಗಳ ಮೈಯಿಗಿ ಹತ್ತಂಗಿಲ್ಲ."

ಬೈಸಿಕೊಂಡೆ ಕೂಡ. ಒಮ್ಮೆ ಬಾವಿಯ ಹತ್ತಿರ ಹಿಂದಿನಿಂದ ಯಾರೋ ಸರಸರ ಬಂದಂತಾಗಿ ತುಂಬಿದ ಕೊಡವನ್ನು ಎತ್ತಿ ಒಗೆದುಬಿಟ್ಟೆ. ಅದು ಹೋಗಿ ಈರಮ್ಮನ ಗಂಡನ ಪಾದದ ಮೇಲೆ ಬಿತ್ತು. ಪಾಪ, ಅವನು ಎಮ್ಮೆ ಹುಡುಕಿಕೊಂಡು ಬಂದಿದ್ದ. ವಾರಗಟ್ಟಲೆ ಕುಂಟಿದ. ಗಡಿಗಿ ಅಕ್ಕನಿಗೆ ಹೇಳಿದರೆ ಮರುಕಪಡಲಿಲ್ಲ. "ಕೆಮ್ಮಿ ಬರಬೇಕು. ಹೆಣ್ಣಮಕ್ಕಳ ಹಿಂದ ಬರೋವ್ರು ಕೆಮ್ಮಿ ಬರಬೇಕು" ಎಂದಳು.

ನಿಜಾಮರ ಆಳ್ವಿಕೆಯ ಕೊನೆಯ ದಿನಗಳವು. ಬಂದೂಕು ಹಿಡಿದವರು ಹಳ್ಳಿಗಳಿಗೆ ನುಗ್ಗುತ್ತಾರೆ, ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಾರೆ ಎಂಬ ಸುದ್ದಿ ದಿನಕ್ಕೊಂದು ಬರುತ್ತಿತ್ತು. ಅದರಲ್ಲಿ ನಿಜವೆಷ್ಟು, ಗಾಳಿಯೆಷ್ಟು ಎಂದು ಬಿಡಿಸಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಹೊಸ ಮುಖ ಕಂಡರೆ ಓಣಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ನಮ್ಮಣ್ಣ ರಾಯಚೂರಿನ ಹತ್ತಿ ಗಿರಣಿಯಲ್ಲಿದ್ದವನು, ಗೆಳೆಯರ ಜೊತೆ ತುಂಗಭದ್ರೆ ದಾಟಿ ನಿಜಾಮರ ಹಿಡಿತವಿಲ್ಲದ ಆಚೆಯ ಸೀಮೆಗೆ ಹೋಗಿಬಿಟ್ಟ. ಅಂಥವರ ಮನೆಗಳ ಸುದ್ದಿಯನ್ನು ಯಾರೋ ಪೊಲೀಸ್ ಚೌಕಿಗೆ ಮುಟ್ಟಿಸುತ್ತಾರೆ ಎಂಬ ಗುಸುಗುಸು ಬೇರೆ. ಅಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ಮನೆಯಲ್ಲಿ ಉಳಿದವರು ಅವ್ವ, ನಾನು, ಮತ್ತು ಅಣ್ಣನ ಹೆಂಡತಿ ನೀಲವ್ವ.

ನೀಲವ್ವ ಗಿಲ್ಲೆಸುಗೂರಿನ ಹುಡುಗಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾತು ಕಡಿಮೆ, ನಗು ಜಾಸ್ತಿ. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳು, ಆದರೂ ನನ್ನ ಜೊತೆ ಕುಂಟಾಟ ಆಡುತ್ತಿದ್ದಳು. ನಮ್ಮನ್ನು ಕಾಯಲು ದೊಡ್ಡಪ್ಪನ ಮಗ ಅಮರಪ್ಪ ಊರಿನಿಂದ ಬಂದ. ಅಣ್ಣನಿಗಿಂತ ಹಿರಿಯ. ನೀಲವ್ವನಿಗೆ ಭಾವ. ದೊಡ್ಡ ರುಮಾಲು, ಎಣ್ಣೆ ಕುಡಿಸಿದ ಬಡಿಗೆ. ರಾತ್ರಿ ಕಟ್ಟೆಯ ಮೇಲೆ ಮಲಗಿ ಓಣಿಗೆಲ್ಲ ಕೇಳುವಂತೆ ಕೆಮ್ಮುತ್ತಿದ್ದ. "ಗಂಡಸಿನ ಕೆಮ್ಮು ಮನಿಗಿ ಬಂದೋಬಸ್ತ್" ಎಂದು ಅವ್ವ ನಿಶ್ಚಿಂತೆಯಾಗಿ ಮಲಗಿದಳು. ಓಣಿಯವರೂ ಅವನನ್ನು ಹೊಗಳಿದರು.

ಗಡಿಗಿ ಅಕ್ಕ ಮಾತ್ರ ಹೊಗಳಲಿಲ್ಲ. ಒಂದು ಮಧ್ಯಾಹ್ನ ಹೊಲಿಯುತ್ತಲೇ ನನ್ನನ್ನು ಕೇಳಿದಳು: "ನಿಮ್ಮ ಮನಿ ಕಾವಲುಗಾರ ಯಾವ ಕಡಿ ಮುಖ ಮಾಡಿ ಕುಂದರ್ತಾನ ನೋಡಿಯೇನು?"

ನಾನು ನೋಡಿರಲಿಲ್ಲ.

"ಕಾಯಾಕ ಬಂದಾವ ಓಣಿ ಕಡಿ ಮುಖ ಮಾಡಿ ಕೂಡಬೇಕು. ಇವ ಓಣಿಗೆ ಬೆನ್ನು ಮಾಡಿ ಮನಿ ಒಳಗ ನೋಡಾಕತ್ತಾನ."

ಮನೆಗೆ ಹೋಗಿ ನೋಡಿದೆ. ಹೌದು. ಕಟ್ಟೆಯ ಕಂಬಕ್ಕೆ ಒರಗಿ, ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಅವ್ವನಿಗೆ ಹೇಳಿದೆ. ಕೆನ್ನೆಗೆ ಏಟು ಬಿತ್ತು. "ನಮ್ಮ ರಕ್ತದ ಮ್ಯಾಲೆ ಶಕ ಪಡಾಕ ಆಕಿ ಯಾರು? ಹೊರಗಿನ ಮಂದಿ ಬಂದೂಕು ಹಿಡದು ನಿಂತಾರ, ಆಕಿಗೆ ಒಳಗಿನವ್ರ ಚಿಂತಿ!" ಅಮರಪ್ಪನಿಗೂ ಈ ಮಾತು ಹೇಗೋ ಮುಟ್ಟಿತು. ಅವನು ಸಿಟ್ಟಾಗಲಿಲ್ಲ. ಅಡಿಕೆ ಕತ್ತರಿಸುತ್ತ, "ಆ ಹೆಂಗಸನ್ನ ಹತ್ರ ಬಿಟ್ಗೋಬ್ಯಾಡ್ರಿ ಚಿಗವ್ವ. ಯಾರು ಎಲ್ಲಿ ಹೋದರು, ಬಂದರು ಅಂತ ಕೇಳ್ತಿರ್ತಾಳಂತ. ಚೌಕಿಗೆ ಖಬರು ಮುಟ್ಟಸಾಕಿ ಆಕಿನೇ ಇರಬೇಕು" ಎಂದ. ಅದೂ ಸರಿಯೆನಿಸುವಂತಿತ್ತು. ಆಕೆ ಎಲ್ಲರ ಹೋಗುಬರು ಗಮನಿಸುತ್ತಿದ್ದುದು ನಿಜ. ಎಲ್ಲಿಂದ ಬಂದವಳೋ ಗೊತ್ತಿರದಿದ್ದುದೂ ನಿಜ. ನನಗೂ ಆಕೆಯ ಮೇಲೆ ಸಂಶಯ ಬಂತು. ಆ ವರ್ಷ ಸಂಶಯ ಪಡದೆ ಇದ್ದವರು ಯಾರು?

ನೀಲವ್ವನ ವಿಷಯ ನನಗೆ ತಿಳಿದದ್ದು ಆಕೆಯ ಪಡಸಾಲೆಯಲ್ಲೇ. ಬೇರೆ ಹುಡುಗಿಯರು ಹೋದಮೇಲೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ನೀಲವ್ವ ಹೇಳಿದಳು: "ನೀರು ಕೊಡಾಕ ಹೋದ್ರ ತಂಬಗಿ ಜೊತಿ ಬೆರಳೂ ಹಿಡೀತಾರ."

"ಯಾರು?" ಎಂದಳು ಗಡಿಗಿ ಅಕ್ಕ.

"ಅವರು."

"ಅವರಂದ್ರ ಯಾರು?"

ನೀಲವ್ವ ದಾರವನ್ನು ಮತ್ತೆ ನಾಲಿಗೆಗೆ ಒತ್ತಿ ಸೂಜಿಗೆ ಹಿಡಿದಳು. ಗಂಡನ ಹೆಸರಾಗಲಿ, ಮಾವ, ಭಾವಂದಿರ ಹೆಸರಾಗಲಿ ಹೆಂಗಸು ಬಾಯಿಂದ ಆಡುವಂತಿರಲಿಲ್ಲ. ಆಡಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ನಮ್ಮಪ್ಪನ ಹೆಸರು ಸೋಮಣ್ಣ. ಅವ್ವ ಸತ್ತರೂ ಸೋಮವಾರ ಎನ್ನುತ್ತಿರಲಿಲ್ಲ. ಐತವಾರದ ಮರುದಿನ ಎನ್ನುತ್ತಿದ್ದಳು. ಮದುವೆ ಮುಂಜಿಯಲ್ಲಿ ಒಡಪು ಕಟ್ಟಿ, ಪದ್ಯದೊಳಗೆ ಸೇರಿಸಿ, ಗಂಡನ ಹೆಸರು ಹೇಳಬಹುದಿತ್ತು, ಅದೂ ಹೆಂಗಸರು ಅಡ್ಡಗಟ್ಟಿ ಕಾಡಿದಾಗ. ಭಾವನ ಹೆಸರಿಗೆ ಒಡಪೂ ಇರಲಿಲ್ಲ.

"ನಿಮ್ಮತ್ತಿ ಮುಂದ ಹೇಳಿಯೇನು?"

"ಹೆಂಗ ಹೇಳಬೇಕ್ರಿ? ಏನಂತ ಹೇಳಬೇಕು?"

ಗಡಿಗಿ ಅಕ್ಕ ಅವತ್ತು ಹೊಲಿಗೆ ಬದಿಗಿಟ್ಟಳು. ತಂಬಿಗೆ ಕೈಗೆ ಕೊಡಬೇಡ, ನೆಲಕ್ಕಿಟ್ಟು ಹಿಂದೆ ಸರಿ. ಬಣವೆಯ ಕಡೆ ಮಧ್ಯಾಹ್ನ ಒಬ್ಬಳೇ ಹೋಗಬೇಡ. "ಮಂದಿ ರಾತ್ರಿಗಿ ಅಂಜತಾರ. ರಾತ್ರಿ ಎಲ್ಲಾರೂ ಒಂದು ಕಿವಿ ತೆರದು ಮಲಗಿರ್ತಾರ. ಮಧ್ಯಾಹ್ನ ಊಟ ಮಾಡಿ ಕಿವೀನೂ ಮಲಗತದ" ಎಂದಳು. ಎಲ್ಲ ಹೇಳಿ ಕೊನೆಗೆ, "ಕೂಗಬೇಕು. ಯವ್ವಾ, ಯಪ್ಪಾ ಅಂತಲ್ಲ. ಯಾರೋ ಬಂದಾರ ಅಂತಂತೂ ಬ್ಯಾಡೇ ಬ್ಯಾಡ. ಹೆಸರು ಹಿಡದು ಕೂಗು. ಈಗ ನನ್ನ ಮುಂದ ಕೂಗು" ಎಂದಳು.

ನೀಲವ್ವ ಬಾಯಿ ತೆರೆದಳು. ಮೊದಲ ಅಕ್ಷರ ಬಂತು, ಉಳಿದದ್ದು ಬರಲಿಲ್ಲ. ಸೆರಗು ಬಾಯಿಗೆ ಹೋಯಿತು. ಗಡಿಗಿ ಅಕ್ಕ ನನ್ನ ಕೈಲಿ ಹೇಳಿಸಿದಳು. ನನಗೇನು, ದೊಡ್ಡಪ್ಪನ ಮಗನ ಹೆಸರು, ಗಟ್ಟಿಯಾಗಿ ಹೇಳಿದೆ. ನೀಲವ್ವ ಕಿವಿ ಮುಚ್ಚಿಕೊಂಡಳು. ಮರುದಿನವೂ ಅಷ್ಟೆ, ಅದರ ಮರುದಿನವೂ ಅಷ್ಟೆ. ಕೈ ತಿರುವುವುದು ಕಲಿತಳು, ಗಡಿಗೆ ಒಡೆಯುವುದು ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತಳು. ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

"ಗುರುತಿಲ್ಲದಾವ ಅಂಜಿ ಬರ್ತಾನ ಯವ್ವಾ. ಗುರುತಿದ್ದಾವ ಯಾಕ ಅಂಜತಾನ? ನೀ ಹೆಸರು ಹೇಳಂಗಿಲ್ಲ ಅಂತ ಅವನಿಗಿ ಗೊತ್ತದ" ಎಂದು ಗಡಿಗಿ ಅಕ್ಕ ಬೇಸರದಿಂದ ಅಂದಳು. ಆಕೆಯ ದನಿ ಹಾಗೆ ಇಳಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಅವ್ವ ಒಂದು ಮಧ್ಯಾಹ್ನ ಹಿತ್ತಲಿಗೆ ಹೋದಾಗ, ಗೋಡೆಯ ಆಚೆ ಗಡಿಗಿ ಅಕ್ಕ ಗೋಡೆಗೆ ಕಿವಿಗೊಟ್ಟು ನಿಂತದ್ದನ್ನು ಕಂಡು ಬೈದು ಕಳಿಸಿದಳು. ಇನ್ನೇನು ಬೇಕು? ಅಮರಪ್ಪ ಹೇಳಿದ್ದೇ ಸರಿಯಾಯಿತು. ಅವತ್ತಿನಿಂದ ನಮಗೆ ಆಕೆಯ ಮನೆ ಬಂದ್. ನೀಲವ್ವ ಹೊಸ್ತಿಲು ದಾಟುವಂತಿಲ್ಲ. ಅವ್ವನ ಬಂದೋಬಸ್ತ್ ಬಿಗಿಯಾಯಿತು. ಆ ಬಂದೋಬಸ್ತಿನ ಒಳಗೆ ನೀಲವ್ವ ಇದ್ದಳು, ಅಮರಪ್ಪನೂ ಇದ್ದ. ನೀಲವ್ವ ನಗುವುದು ನಿಂತುಹೋಯಿತು. ನಾನು ಎಲ್ಲಿ ಹೋದರೂ ಹಿಂದೆ ಬರುತ್ತಿದ್ದಳು. ಮಲಗುವಾಗ ನನ್ನ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದಳು.

ಒಂದು ದಿನ ಊಟವಾದ ಮೇಲೆ ಅವ್ವ ಹತ್ತಿರದ ಸಂಬಂಧಿಕರ ಮನೆಗೆ ಬಾಣಂತಿಯನ್ನು ನೋಡಲು ಹೋದಳು. ಅವ್ವ ತಿರುವು ದಾಟುತ್ತಲೇ ಅಮರಪ್ಪ ನನಗೆ ತಂಬಾಕು ತರಲು ಹೇಳಿದ. ನೀಲವ್ವ ನನ್ನ ಕಡೆ ನೋಡಿದಳು. "ನಡಿ, ಲಗೂನ" ಎಂದು ಅವನು ಬಡಿಗೆ ನೆಲಕ್ಕೆ ಕುಟ್ಟಿದ. ಹೋದೆ, ಆದರೆ ಕಾಲು ಮುಂದೆ ಹೋಗಲಿಲ್ಲ. ಬೇವಿನ ಮರದ ಹತ್ತಿರ ಕಲಾಯಿ ಸಾಬ ತಿದಿ ಊದುತ್ತಿದ್ದ. ಅಲ್ಲಿಯೇ ನಿಂತೆ. ಓಣಿಯಲ್ಲಿ ಒಂದು ನಾಯಿಯೂ ಎಚ್ಚರವಿರಲಿಲ್ಲ.

ಹಿತ್ತಲ ಕಡೆಯಿಂದ, ಅಲ್ಲಿ ನೀರಿಗಿಟ್ಟಿದ್ದ ಮಣ್ಣಿನ ಗಡಿಗೆ ಒಡೆದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಕಲಾಯಿ ಸಾಬನ ಕೈ ನಿಂತಿತು. ಮರುಕ್ಷಣ ಬಂತು ನೋಡಿ ಕೂಗು.

"ಅಮರಪ್ಪಾ! ಅಮರಪ್ಪಾ, ಕೈ ಬಿಡು! ಏ ಅಮರಪ್ಪಾ!"

ಆ ದಿನಗಳಲ್ಲಿ ಹೆಂಗಸು ಬರೀ ಚೀರಿದ್ದರೆ, ಬಂದೂಕಿನವರು ಬಂದರೆಂದು ಓಣಿಯವರೆಲ್ಲ ಅಗಳಿ ಜಡಿದುಕೊಂಡು ಉಸಿರು ಹಿಡಿದು ಕೂರುತ್ತಿದ್ದರು. ಅವರ ತಪ್ಪಲ್ಲ, ಅಂಥ ಕಾಲ. ಆದರೆ ತಮ್ಮನ ಹೆಂಡತಿ ಭಾವನ ಹೆಸರನ್ನು ನಟ್ಟನಡು ಹಗಲು ಏಕವಚನದಲ್ಲಿ ಕೂಗುವುದನ್ನು ನಮ್ಮ ಓಣಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಂದೊಂದೇ ಬಾಗಿಲು ತೆರೆಯಿತು. ಈರಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ಅವಳ ಗಂಡ ಬಂದ. ಮಲಗಿದ್ದ ಮುದುಕರು ಧೋತರ ಸುತ್ತಿಕೊಳ್ಳುತ್ತ ಬಂದರು. ಕಾಪಾಡಲು ಬಂದವರೆಷ್ಟೋ, ಇದೆಂಥ ಅನಾಚಾರ ಎಂದು ನೋಡಲು ಬಂದವರೆಷ್ಟೋ. ಬಂದರಲ್ಲ, ಅದು ಮುಖ್ಯ.

ನೀಲವ್ವ ಮುಂಬಾಗಿಲಿನಿಂದ ಓಡಿ ಬಂದು ಓಣಿಯ ನಡುವೆ ನಿಂತಳು. ತಲೆಯ ಮೇಲೆ ಸೆರಗಿರಲಿಲ್ಲ. ಮಣಿಕಟ್ಟು ಕೆಂಪಾಗಿತ್ತು. ಅವಳ ಹಿಂದೆ ಅಮರಪ್ಪ ಕುಂಟುತ್ತ ಬಂದ, ಪಾದದಲ್ಲಿ ರಕ್ತ. ಇಷ್ಟು ಮಂದಿಯನ್ನು ಕಂಡು ಒಂದು ಗಳಿಗೆ ನಿಂತ. ಆಮೇಲೆ ಅವನ ನಾಲಿಗೆ ಚುರುಕಾಯಿತು.

"ಯಾವನೋ ಗೋಡಿ ಜಿಗದು ಬಂದಿದ್ದ! ಹಿಡ್ಯಾಕ ಹೋದ್ನಿ, ನೂಕಿ ಓಡಿದ. ಆಕಿ ಗಾಬರಿ ಬಿದ್ದು ನನ್ನ ಕರದಾಳ. ನೋಡ್ರಿ, ಓಡ್ರಿ, ದೂರ ಹೋಗಿರಂಗಿಲ್ಲ!"

ಎಲ್ಲರ ಕಣ್ಣೂ ತಿರುಗಿದವು. ಓಣಿಯಲ್ಲಿ ಹೊರಗಿನವನು ಒಬ್ಬನೇ ಇದ್ದ. ಕಲಾಯಿ ಸಾಬ ಚಿಮಟ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದ. "ನಾ ಇಲ್ಲೇ ಇದ್ನಿರಿ ಯಪ್ಪಾ, ಇಲ್ಲೇ..." ಎನ್ನುತ್ತಿದ್ದ. ಅವನು ಇಲ್ಲೇ ಇದ್ದ ಎಂದು ನಾನೂ ಕೂಗಿದೆ. ಹುಡುಗಿಯ ಮಾತು ಯಾರು ಕೇಳುತ್ತಾರೆ? ಯಾರೋ ಬಂಡಿಯ ಗೂಟ ಕಿತ್ತುಕೊಂಡಿದ್ದರು.

ಆಗ ಗಡಿಗಿ ಅಕ್ಕ ಬಂದಳು. ನಮ್ಮ ಹಿತ್ತಲ ಗೋಡೆಯ ಕಡೆಯಿಂದಲೇ ಬಂದಳು. ಅವ್ವ ಬೈದು ಕಳಿಸಿದ ಮೇಲೂ ಆಕೆ ದಿನಾ ಮಧ್ಯಾಹ್ನ ಅಲ್ಲಿ ನಿಲ್ಲುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಓಡಿ ಬಂದವಳು ನೀಲವ್ವನ ಹತ್ತಿರ ಹೋಗಲಿಲ್ಲ. ನೆಟ್ಟಗೆ ಹೋಗಿ ಕಲಾಯಿ ಸಾಬನ ಮುಂದೆ ನಿಂತಳು. ಯಾರ ಕೂಗು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳೋ ಅವನಿಗೆ ಬೆನ್ನು ಕೊಟ್ಟು, ನಮ್ಮೆಲ್ಲರಿಗೆ ಎದೆ ಕೊಟ್ಟು ನಿಂತಳು.

"ಇವನ್ನ ಮುಟ್ಟಬ್ಯಾಡ್ರಿ. ಹಿಂದಕೊಮ್ಮಿ ನಾನೂ ಹಿಂಗೇ ಕೂಗಿದ್ನಿ. ಹೆಸರು ಬಾಯಿಗೆ ಬರಲಿಲ್ಲ. ಯಾರೋ, ಯಾರೋ ಬಂದಾರ ಅಂದ್ನಿ. ನನ್ನ ಕೈ ಹಿಡದಿದ್ದಾವನೇ ಬಡಿಗಿ ತಗೊಂಡು ಎಲ್ಲಿ, ಎಲ್ಲಿ ಅಂತ ಎಲ್ಲಾರಿಗಿಂತ ಮುಂದ ಓಡಿದ. ಗಿಡದ ಬುಡಕ ಒಬ್ಬ ಕಲಾಯಿ ಮಾಡಾವ ಮಲಗಿದ್ದ. ಬಡದು ಅವನ ಕೈ ಮುರದರು. ನಾ ಬಾಗಲದಾಗ ನಿಂತು ನೋಡಿದ್ನಿ. ಅವಾಗೂ ಹೆಸರು ಬಾಯಿಗೆ ಬರಲಿಲ್ಲ." ಆಕೆ ಉಸಿರು ತೆಗೆದುಕೊಂಡಳು. "ಈ ಹುಡಿಗಿ ಯಾರೋ ಅಂದಿಲ್ಲ. ನಿಮ್ಮೆಲ್ಲಾರ ಕಿವಿಗೆ ಬಿದ್ದದ. ಕರದಿದ್ರ ಬಾ ಅಂತಿದ್ದಳು. ಕೈ ಬಿಡು ಅಂತ ಯಾಕ ಅಂದಳು? ಇನ್ನೊಮ್ಮಿ ಹೇಳು ಯವ್ವಾ, ಯಾರು?"

"ಅಮರಪ್ಪ" ಎಂದಳು ನೀಲವ್ವ. ಈ ಸಲ ಮೆಲ್ಲಗೆ, ಎಲ್ಲರಿಗೂ ಕೇಳುವಂತೆ.

ಗೂಟ ಹಿಡಿದವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಅಷ್ಟರಲ್ಲಿ ಅವ್ವ ಬಂದಳು. ಯಾರೋ ಓಡಿಹೋಗಿ ಹೇಳಿದ್ದರು, ಅದೂ ಏನೆಂದು? "ನಿನ್ನ ಸೊಸಿ ಭಾವನ ಹೆಸರು ಹಿಡದು ಕೂಗಾಕತ್ತಾಳ" ಎಂದು. ಅವ್ವ ನೀಲವ್ವನ ಮಣಿಕಟ್ಟು ನೋಡಿದಳು. ಅಮರಪ್ಪನ ಪಾದ ನೋಡಿದಳು. ಒಳಗೆ ಹೋಗಿ ಹಿತ್ತಲ ತನಕ ನಡೆದು ಬಂದಳು. ಒಡೆದ ಗಡಿಗೆಯ ಚೂರು ಕೈಯಲ್ಲಿತ್ತು. ಅವನ ಗಂಟು, ಬಡಿಗೆ ಎರಡನ್ನೂ ತಂದು ಕಟ್ಟೆಯ ಕೆಳಗೆ ಒಗೆದಳು.

"ಅಮರ್ಯಾ, ನಡಿ ನಿನ್ನೂರಿಗಿ."

"ಚಿಗವ್ವ, ಆ ಹೆಂಗಸಿನ ಮಾತು ಕೇಳಿ..."

"ನಡೀ ಅಂದ್ನಿ!"

ಅವನು ಹೋದ. ಬೆನ್ನು ಮಾಡಿ ಕೂರುತ್ತಿದ್ದ ಓಣಿಯನ್ನು ಅವತ್ತು ತುದಿಯಿಂದ ತುದಿಗೆ ಮುಖ ತಗ್ಗಿಸಿ ನಡೆದ. ನೀಲವ್ವ ಅತ್ತೆಯ ಮುಂದೆ ನಿಂತಳು. ಹೆಸರು ಹೇಳಿದ್ದಕ್ಕೆ ಏನು ಕಾದಿದೆಯೋ ಎಂದು ಅವಳಿಗೆ ಭಯ. ಅವ್ವ ಅವಳ ತಲೆಯ ಮೇಲೆ ಸೆರಗು ಎಳೆದು ಹೊದಿಸಿದಳು.

"ಇನ್ನ ಸ್ವಲ್ಪ ಜೋರು ಕೂಗಬೇಕಾಗಿತ್ತು ನೋಡು. ಬಾಣಂತಿ ಮನಿ ತನಕ ಕೇಳ್ಲಿಲ್ಲ" ಎಂದಳು. ಹಾಗೆನ್ನುತ್ತ ಅವ್ವನೇ ಅತ್ತುಬಿಟ್ಟಳು.

ಇದರಿಂದ ಓಣಿ ಸುಧಾರಿಸಿತು ಎಂದು ಯಾರೂ ತಿಳಿಯಬೇಡಿ. ಅಮರಪ್ಪ ಮಾಡಿದ್ದನ್ನು ಓಣಿ ಬೇಗ ಮರೆಯಿತು. ನೀಲವ್ವ ಹೆಸರು ಕೂಗಿದ್ದನ್ನು ಮರೆಯಲಿಲ್ಲ. ನಿಜಾಮರ ಆಳ್ವಿಕೆ ಮುಗಿದು ಅಣ್ಣ ತಿರುಗಿ ಬಂದಾಗ ಅವನಿಗೆ ಮೊದಲು ಮುಟ್ಟಿದ್ದೂ ಅದೇ ಸುದ್ದಿ. ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಅವ್ವ ಊಟಕ್ಕೆ ಬಡಿಸುತ್ತ ಗಡಿಗೆಯ ಚೂರನ್ನು ಅವನ ತಾಟಿನ ಪಕ್ಕದಲ್ಲಿಟ್ಟಳು. ಆಮೇಲೆ ಗಂಟು ಬಿಚ್ಚಿತು.

ಗಡಿಗಿ ಅಕ್ಕನದು ಇನ್ನೊಂದು ನೆನಪು. ಆ ಗದ್ದಲದ ಮರುದಿನ ಕಲಾಯಿ ಸಾಬ ಉಳಿದ ಪಾತ್ರೆ ಮುಗಿಸಲು ಬಂದಿದ್ದ. ಆಕೆ ಕೌದಿಯಲ್ಲಿ ಸುತ್ತಿದ ಒಂದು ಗಂಟು ತಂದು ಅವನ ಮುಂದೆ ಬಿಚ್ಚಿದಳು. ಒಳಗೆ ಒಂದು ಹಿತ್ತಾಳೆ ಕೊಡ, ತವರಿನವರು ಕೊಟ್ಟದ್ದು. ಈರಮ್ಮ ಬಾಯಿ ತೆರೆದುಕೊಂಡು ನೋಡಿದಳು.

"ಎಷ್ಟು ವರ್ಷ ಕಟ್ಟಿ ಇಟ್ಟಿದ್ರೆವ್ವಾ? ಒಳಗೆಲ್ಲ ಕಿಲುಬು ಹಿಡದದ" ಎಂದ ಅವನು.

ಆಕೆ ಕೊಡವನ್ನು ಅವನ ಕಡೆ ಸರಿಸಿದಳು. "ಗಬ್ಬೂರ ಕಡಿ ನಿಮ್ಮ ಪೈಕಿ ಒಬ್ಬಾವ ಬರ್ತಿದ್ದ. ಬಲಗೈ ಸೊಟ್ಟ ಇದ್ದಾವ. ಎಲ್ಲೆರ ನೋಡಿಯೇನಪ್ಪಾ?" ಎಂದು ಕೇಳಿದಳು.

ಅವನು ತಿದಿ ಒತ್ತಿದ. "ನಮ್ಮ ಕೆಲಸದಾಗ ಕೈ ಮುರಸ್ಕೊಂಡವ್ರು ಭಾಳ ಮಂದಿ ಅದಾರವ್ವಾ" ಎಂದ.

ಮುಂದೆ ಆಕೆ ತನ್ನ ಊರಿಗೆ ಹಿಂತಿರುಗಿದಳು. ಗಬ್ಬೂರಿನಿಂದ ಇನ್ನೂ ಒಳಗಿನ ಹಳ್ಳಿ. ಆಕೆ ಹೆಸರು ಹೇಳಲಾಗದಿದ್ದ ಆ ಭಾವ ಸತ್ತ ಮೇಲೆ ಗಂಡನ ಪಾಲಿನ ಮನೆಯಲ್ಲಿ ಇರತೊಡಗಿದ್ದಳು. ನಾನೂ ನೀಲವ್ವನೂ ಒಮ್ಮೆ ನೋಡಲು ಹೋದೆವು. ನೀಲವ್ವನ ಜೊತೆ ಅವಳ ಮಗಳೂ ಇದ್ದಳು. ಮುಪ್ಪಾಗಿದ್ದ ಗಡಿಗಿ ಅಕ್ಕ ಆ ಮಗುವಿನ ಕೈ ಹಿಡಿದಳು. ಮಗು ಹೆಬ್ಬೆರಳಿನ ಕಡೆ ತಿರುವಿ ಬಿಡಿಸಿಕೊಂಡಿತು. ಆಕೆ ಕಣ್ಣೀರು ಬರುವ ತನಕ ನಕ್ಕಳು.

ಹೊರಡುವ ಹೊತ್ತಿಗೆ ನಾನು ಕೇಳಿದೆ, "ಅಕ್ಕಾ, ಅವ ಸತ್ತು ಹೋದ. ಈಗರ ಹೇಳ್ರಿ. ಅವನ ಹೆಸರು ಏನಿತ್ತು?"

ಆಕೆ ತಲೆ ಆಡಿಸಿದಳು. ಹೇಳುತ್ತೇನೆ ಎಂದೇ ಆಡಿಸಿದ್ದು. ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು, ತುಟಿ ತೆರೆದಳು. ನೀಲವ್ವ ಆಕೆಯ ಬೆನ್ನ ಮೇಲೆ ಕೈಯಿಟ್ಟು, "ಹೇಳ್ರಿ ಅಕ್ಕಾ, ನಾನು ಹೇಳಿಲ್ಲೇನು?" ಎಂದಳು. ನಾವು ಕಾದೆವು. ಬಂಡಿಯವನು ಹೊರಗೆ ಕರೆದ. ಮತ್ತೆ ಕರೆದ.

"ಬರವಲ್ದು ಬೇ" ಎಂದಳು ಗಡಿಗಿ ಅಕ್ಕ.

ಊರಲ್ಲಿ ಯಾರನ್ನು ಕೇಳಿದ್ದರೂ ಅವನ ಹೆಸರು ಹೇಳುತ್ತಿದ್ದರು. ನಾನು ಕೇಳಲಿಲ್ಲ. ಅದು ಆಕೆಯ ಬಾಯಿಂದಲೇ ಬರಲಿ, ಇನ್ನೊಮ್ಮೆ ಹೋದಾಗ ಕೇಳೋಣ ಎಂದುಕೊಂಡೆ. ಆಮೇಲೆ ಬಂದದ್ದು ಸಾವಿನ ಸುದ್ದಿ. ಆಕೆಯ ಹೆಸರನ್ನು ನಾನು ಬರೆಯದಿರುವುದು ಇದಕ್ಕೇ. ಹೆಣ್ಣಿನ ಹೆಸರು ಊರ ಬಾಯಿಗೆ ಬಿದ್ದು, ಗಂಡಸಿನ ಹೆಸರು ಅವಳ ಗಂಟಲಲ್ಲೇ ಉಳಿದುಹೋಗುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಆಕೆ ಅವತ್ತು ಅವನ ಹೆಸರು ಹೇಳಿದ್ದರೆ ಎರಡನ್ನೂ ಬರೆಯುತ್ತಿದ್ದೆ.